ಮೆಕ್ಸಿಕೋದಲ್ಲಿ ಯಾರಿಗೂ ಅವಸರವೇ ಇಲ್ವಾ, ಅಥವಾ ನನಗೇ ಅರ್ಥ ಆಗ್ತಿಲ್ವಾ?

ಅವಸರದ_ಆಳು:

ಗ್ವಾದಲಹಾರಕ್ಕೆ ಬಂದು ಎರಡು ತಿಂಗಳಾಯಿತು. ಸಾಫ್ಟ್‌ವೇರ್ ಕೆಲಸ. ಇಲ್ಲಿನ ಒಂಬತ್ತು ಜನರ ಟೀಮ್ ನೋಡಿಕೊಳ್ಳಬೇಕು. ಜನ ತುಂಬಾ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿನ ಗಡಿಯಾರ ನನಗೆ ಒಗ್ಗುತ್ತಿಲ್ಲ.

ಮೊದಲ ವಾರವೇ ಬಾತ್‌ರೂಮಿನ ಬಾಯ್ಲರ್ ಕೆಟ್ಟಿತು. ರಿಪೇರಿಯವನಿಗೆ ಫೋನ್ ಮಾಡಿದರೆ "ಅಹೊರೀತಾ" ಅಂದ. ಡಿಕ್ಷನರಿ ನೋಡಿದೆ, "ಈಗಲೇ" ಅಂತ ಇತ್ತು. ಅವನು ಬಂದಿದ್ದು ನಾಲ್ಕನೇ ದಿನ. ಬಂದವನು ಕೆಲಸ ಮಾತ್ರ ಚೊಕ್ಕವಾಗಿ ಮಾಡಿದ, ನಮ್ಮ ಅಪ್ಪ ಅಮ್ಮನ ಆರೋಗ್ಯ ವಿಚಾರಿಸಿದ, ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೂ ಹತ್ತು ನಿಮಿಷ ಮಾತಾಡಿದ. ಬೈಯಬೇಕು ಅಂತ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಆಫೀಸಿನಲ್ಲಿ ಇನ್ನೊಂದು ಕಥೆ. ಮಧ್ಯಾಹ್ನ ಎರಡಕ್ಕೆ ಎಲ್ಲರೂ ಎದ್ದು ಹೋಗುತ್ತಾರೆ, ಮೂರೂವರೆಯ ತನಕ ಒಬ್ಬರೂ ಸಿಗಲ್ಲ. ಫೆಬ್ರವರಿಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಲ್ಯಾಪ್‌ಟಾಪ್ ಹಿಡಿದು ಹೋದರೆ ಇಡೀ ಕಟ್ಟಡದಲ್ಲಿ ನಾನು ಮತ್ತು ಕಾವಲುಗಾರ, ಇಬ್ಬರೇ. ಅವನು ನಗುತ್ತಾ "ಪ್ವೆಂತೆ" ಅಂದ. ಸೇತುವೆ! ಯಾವ ಸೇತುವೆ ಮಾರಾಯ? ಮನೆಗೆ ವಾಪಸ್ ಬಂದೆ.

ಕೇಳಬೇಕಾಗಿದ್ದು ಏನೆಂದರೆ, ಇಲ್ಲಿ ಯಾವ ದಿನ, ಯಾವ ಹೊತ್ತು ಕೆಲಸದ ಮಾತೇ ಎತ್ತಬಾರದು? ಸಿಯೆಸ್ತಾ ಅಂತಾರಲ್ಲ, ಮಧ್ಯಾಹ್ನದ ನಿದ್ದೆ, ಅದು ನಿಜಾನಾ? ಭಾನುವಾರ ಒಂದು ಮೆಸೇಜ್ ಹಾಕಿದರೆ ತಪ್ಪಾ? ಹೋದ ವಾರ ಹಾಕಿದ್ದೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತುಂಬಾ ವಿನಯದ ಉತ್ತರ ಬಂತು, ಆದರೆ ಅದರಲ್ಲಿ ಏನೋ ಚಳಿ ಇತ್ತು. ಇವರದ್ದು ನಿಧಾನದ ಬದುಕು ಅಂತ ಒಪ್ಪಿಕೊಂಡು ಸುಮ್ಮನಾಗಲಾ, ಅಥವಾ ಇದಕ್ಕೊಂದು ಲೆಕ್ಕ ಇದೆಯಾ?

ಸಂಬಳಪಟ್ಟಿ:

ಲೆಕ್ಕ ಇದೆ. ಮೆಕ್ಸಿಕೋ ಸಿಟಿಯಲ್ಲಿ ಸಂಬಳ, ರಜೆ ಇದೇ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಬೋರಿಂಗ್ ಉತ್ತರ ಕೊಡುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆ "ನಿಧಾನದ ಬದುಕು" ಅನ್ನೋದನ್ನು ಪಕ್ಕಕ್ಕಿಡಿ. ಇಲ್ಲಿನ ಕಾನೂನಿನ ವಾರ ಇಷ್ಟು ವರ್ಷ 48 ಗಂಟೆಯದ್ದು, ಆರು ದಿನ ಕೆಲಸ, ಒಂದು ದಿನ ಬಿಡುವು. ಒಇಸಿಡಿ, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟ, ಅದರ ಪಟ್ಟಿಯಲ್ಲಿ ವರ್ಷಕ್ಕೆ ಅತಿ ಹೆಚ್ಚು ಗಂಟೆ ದುಡಿಯುವವರಲ್ಲಿ ಮೆಕ್ಸಿಕೋದವರು ಯಾವಾಗಲೂ ಮೇಲೆಯೇ ಇರುತ್ತಾರೆ. ಇದನ್ನು ಹಂತ ಹಂತವಾಗಿ ಇಳಿಸಿ 2030ರ ಹೊತ್ತಿಗೆ 40 ಗಂಟೆಗೆ ತರುತ್ತೇವೆ ಅಂತ ಸರ್ಕಾರ 2025ರ ಮೇ 1ರಂದು ಹೇಳಿತು. ವರ್ಷದ ರಜೆಯಂತೂ ಕೇಳಲೇಬೇಡಿ, 2022ರ ಕೊನೆಯ ತನಕ ಒಂದು ವರ್ಷ ದುಡಿದವನಿಗೆ ಬರೀ 6 ದಿನ. 2023ರ ಜನವರಿಯಿಂದ ಅದು 12 ದಿನ ಆಗಿದೆ.

ಇಷ್ಟು ಕಮ್ಮಿ ರಜೆ ಇದ್ದವರು ಸಿಕ್ಕಿದ್ದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಯೋಚಿಸಿ. ನಿಮಗೆ ಬಂದ ಆ ತಣ್ಣನೆಯ ಉತ್ತರದ ಕಾರಣ ಅದೇ. ಕಾನೂನಿನಲ್ಲೂ ವಾರದ ಬಿಡುವು ಆದಷ್ಟು ಭಾನುವಾರವೇ ಇರಲಿ ಅಂತಿದೆ. ಭಾನುವಾರ ದುಡಿಸಿದರೆ ಆ ದಿನದ ಸಂಬಳದ ಮೇಲೆ ಕನಿಷ್ಠ 25% ಜಾಸ್ತಿ ಕೊಡಬೇಕು, ಅದಕ್ಕೆ ಪ್ರಿಮಾ ದೊಮಿನಿಕಾಲ್ ಎನ್ನುತ್ತಾರೆ.

ಪ್ವೆಂತೆ ಎಂದರೆ ಸೇತುವೆಯೇ, ವಾರದ ಕೊನೆಯನ್ನೂ ರಜೆಯನ್ನೂ ಜೋಡಿಸುವ ಸೇತುವೆ. 2006ರಲ್ಲಿ ಕಾನೂನು ಬದಲಾಯಿಸಿ ಮೂರು ರಜೆಗಳನ್ನು ಸೋಮವಾರಕ್ಕೆ ತಳ್ಳಿದರು. ಫೆಬ್ರವರಿ 5ರ ಸಂವಿಧಾನದ ದಿನ ಆ ತಿಂಗಳ ಮೊದಲ ಸೋಮವಾರಕ್ಕೆ, ಮಾರ್ಚ್ 21ರ ಹಿಂದಿನ ಅಧ್ಯಕ್ಷ ಬೆನಿತೊ ಹ್ವಾರೆಸ್ ಜನ್ಮದಿನ ಮಾರ್ಚ್‌ನ ಮೂರನೇ ಸೋಮವಾರಕ್ಕೆ, ನವೆಂಬರ್ 20ರ ಕ್ರಾಂತಿಯ ದಿನ ನವೆಂಬರ್‌ನ ಮೂರನೇ ಸೋಮವಾರಕ್ಕೆ. ನೀವು ಸಿಕ್ಕಿಬಿದ್ದಿದ್ದು ಮೊದಲನೆಯದರಲ್ಲಿ. ಎರಡನೆಯದು ಇನ್ನೇನು ಬಂತು, ಕ್ಯಾಲೆಂಡರ್ ನೋಡಿಕೊಳ್ಳಿ. ಉಳಿದವು ಜನವರಿ 1, ಮೇ 1, ಸೆಪ್ಟೆಂಬರ್ 16, ಡಿಸೆಂಬರ್ 25. ಆರು ವರ್ಷಕ್ಕೊಮ್ಮೆ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ದಿನವೂ ರಜೆ. ಈ ದಿನಗಳಲ್ಲಿ ಕೆಲಸ ಮಾಡಿಸಿದರೆ ಮಾಮೂಲಿ ಸಂಬಳದ ಜೊತೆಗೆ ಅದರ ಎರಡರಷ್ಟು, ಅಂದರೆ ಒಟ್ಟು ಮೂರು ಪಟ್ಟು ಕೊಡಬೇಕು.

ಆದರೆ ನಿಮ್ಮನ್ನು ನಿಜವಾಗಿ ಬೀಳಿಸುವುದು ಈ ಪಟ್ಟಿಯಲ್ಲಿ ಇಲ್ಲದ ದಿನಗಳು. ಸೆಮಾನಾ ಸಾಂತಾ, ಅಂದರೆ ಈಸ್ಟರ್ ಹಿಂದಿನ ವಾರ, ಅದರ ಗುರುವಾರ ಶುಕ್ರವಾರ ಕಾನೂನಿನಲ್ಲಿ ರಜೆಯಲ್ಲ, ಆದರೆ ಬ್ಯಾಂಕುಗಳು ಮುಚ್ಚಿರುತ್ತವೆ, ಶಾಲೆಗಳಿಗೆ ಎರಡು ವಾರ ರಜೆ, ಅರ್ಧ ದೇಶ ಕಡಲ ತೀರದಲ್ಲಿ. ಆ ವಾರ ಮೆಕ್ಸಿಕೋ ಸಿಟಿಯ ರಸ್ತೆಯಲ್ಲಿ ಕಾರು ಓಡಿಸುವುದು ನನಗೆ ವರ್ಷದ ದೊಡ್ಡ ಸುಖ. ಮೇ 10 ತಾಯಂದಿರ ದಿನ. ಅದು ಯಾವ ವಾರ ಬಂದರೂ ಮೇ 10ರಂದೇ, ಆವತ್ತು ಮಧ್ಯಾಹ್ನದ ಮೇಲೆ ಮೀಟಿಂಗ್ ಇಟ್ಟರೆ ನಿಮ್ಮ ಅಮ್ಮ ನಿಮಗೆ ಏನು ಕಲಿಸಿದ್ದಾರೆ ಅಂತ ಎಲ್ಲರಿಗೂ ಅನುಮಾನ ಬರುತ್ತದೆ.

ಮತ್ತೆ ಡಿಸೆಂಬರ್. 12ಕ್ಕೆ ಗ್ವಾದಲೂಪೆ ಮಾತೆಯ, ಅಂದರೆ ಮೇರಿ ಮಾತೆಯ ಹಬ್ಬ, ಜನವರಿ 6ಕ್ಕೆ ರೆಯೆಸ್, ಅಂದರೆ ಮೂವರು ರಾಜರ ಹಬ್ಬ. ಇವೆರಡರ ನಡುವಿನ ಅಷ್ಟೂ ದಿನಕ್ಕೆ ಜನ "ಗ್ವಾದಲೂಪೆ-ರೆಯೆಸ್ ಸೇತುವೆ" ಅಂತ ತಮಾಷೆಗೆ ಹೆಸರಿಟ್ಟಿದ್ದಾರೆ. ತಮಾಷೆ ಅಂತ ಹೇಳಿದೆ, ಆದರೆ ಆ ಸಮಯದಲ್ಲಿ ಒಂದು ಸಹಿ ಮಾಡಿಸಿ ನೋಡಿ.

ಜೋಲಿಜಾಣೆ:

ಸಿಯೆಸ್ತಾ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಾನಿರುವುದು ಯುಕಾತಾನ್ ರಾಜ್ಯದ ಮೆರಿದಾದಲ್ಲಿ, ನನ್ನ ಗಂಡ ಯುಕಾತಾನ್‌ನವನು.

ದೊಡ್ಡ ಊರುಗಳ ಆಫೀಸಿನವರು ಮಧ್ಯಾಹ್ನ ಮಲಗುವುದಿಲ್ಲ. ನಿಮ್ಮ ಟೀಮ್ ಎರಡಕ್ಕೆ ಎದ್ದು ಹೋಗುವುದು ಊಟಕ್ಕೆ. ಕೊಮೀದಾ ಅನ್ನುವ ಆ ಊಟವೇ ಇಲ್ಲಿ ದಿನದ ದೊಡ್ಡ ಊಟ, ರಾತ್ರಿ ಏನೋ ಸ್ವಲ್ಪ ತಿಂದರಾಯಿತು. ಇಲ್ಲಿ ನಮ್ಮ ಕಡೆ ಮಾತ್ರ ಬೇರೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಚಿಕ್ಕ ಅಂಗಡಿಗಳು ಬಾಗಿಲು ಹಾಕುತ್ತವೆ, ಬೀದಿಯಲ್ಲಿ ನಾಯಿಯೂ ಇರಲ್ಲ. ಮನೆಯ ಗೋಡೆಗಳಲ್ಲೇ ಕಟ್ಟುವಾಗ ಕೊಕ್ಕೆ ಕೂರಿಸಿರುತ್ತಾರೆ, ಅದಕ್ಕೆ ಅಮಾಕಾ ಕಟ್ಟುವುದು, ನೂಲಿನ ಬಲೆಯಂಥ ಜೋಲಿ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಒಂದು ಗುಟ್ಟು, ಅದರಲ್ಲಿ ಉದ್ದಕ್ಕೆ ಮಲಗಬಾರದು, ಅಡ್ಡಡ್ಡ ಓರೆಯಾಗಿ ಮಲಗಬೇಕು. ನಾನು ಮೊದಲ ತಿಂಗಳೆಲ್ಲ ಬಾಳೆಹಣ್ಣಿನ ಹಾಗೆ ಬಾಗಿ ಮಲಗಿ ಬೆನ್ನು ನೋಯಿಸಿಕೊಂಡೆ, ಅತ್ತೆ ನೋಡಿ ನೋಡಿ ಕೊನೆಗೆ ತಿರುಗಿಸಿ ಮಲಗಿಸಿದರು. ನಿದ್ದೆ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ, ಅಷ್ಟೇ. ಸಂಜೆ ಬಿಸಿಲು ಇಳಿದ ಮೇಲೆ ಊರು ಮತ್ತೆ ಶುರು.

ನೀವು ತಿಳಿಯಬೇಕಾದ ಪದ ಸಿಯೆಸ್ತಾ ಅಲ್ಲ, ಸೊಬ್ರೆಮೆಸಾ. ಊಟ ಮುಗಿದ ಮೇಲೆ ಮೇಜಿನ ಮುಂದೆಯೇ ಕೂತು ಮಾತಾಡುವ ಹೊತ್ತು. ತಟ್ಟೆ ಒಣಗುತ್ತಿರುತ್ತದೆ, ಯಾರೂ ಏಳಲ್ಲ. ಹೋಟೆಲಿನಲ್ಲೂ ಇಷ್ಟೇ, ನೀವಾಗಿ ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಅಂದ ಹಾಗೆ, ಅದಕ್ಕೇ ತರುವುದಿಲ್ಲ. ಹೊಸಬರು ಸರ್ವರ್ ಸೋಮಾರಿ ಅಂತ ಬೈಯುತ್ತಾ ಕೂತಿರುತ್ತಾರೆ, ಅವನು ಪಾಪ ಮರ್ಯಾದೆ ಕೊಡುತ್ತಿರುತ್ತಾನೆ.

ಭಾನುವಾರ ನಮ್ಮಲ್ಲಿ ಪಸೇಯೊ ದೆ ಮೊಂತೇಹೊ ರಸ್ತೆಯಲ್ಲಿ ಬೆಳಿಗ್ಗೆ ಕಾರು ಬಿಡಲ್ಲ, ಸೈಕಲ್‌ಗಳದ್ದೇ ರಾಜ್ಯ. ಮಧ್ಯಾಹ್ನ ಅತ್ತೆ ಮನೆ. ಇದು ತಪ್ಪಿಸುವ ಹಾಗಿಲ್ಲ. ಹದಿನೇಳು ಜನ, ನಾಲ್ಕು ತಲೆಮಾರು, ದೊಡ್ಡ ಪಾತ್ರೆಯ ಪುಚೇರೊ, ಮಾಂಸ ತರಕಾರಿ ಹಾಕಿ ಬೇಯಿಸಿದ ಸಾರು. ಸೋಮವಾರ ಮಾತ್ರ ಇಡೀ ಯುಕಾತಾನ್ ಒಂದೇ ಅಡುಗೆ ಮಾಡುತ್ತದೆ, ಕಪ್ಪು ಹುರುಳಿಕಾಯಿ ಬೀಜ ಮತ್ತು ಹಂದಿ ಮಾಂಸ. ಯಾಕೆ ಅಂತ ಅತ್ತೆಯನ್ನು ಕೇಳಿದ್ದೆ. ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು, ಒಲೆ ಮೇಲೆ ಪಾತ್ರೆ ಇಟ್ಟು ಮರೆತರೂ ತನ್ನಷ್ಟಕ್ಕೆ ಬೇಯುವ ಅಡುಗೆ ಬೇಕಿತ್ತು ಅಂದರು. ಎಲ್ಲರೂ ಭಾನುವಾರ ಹಾಯಾಗಿದ್ದಿದ್ದರ ಬಟ್ಟೆ, ಸೋಮವಾರ ಒಬ್ಬಳ ಬುಟ್ಟಿಯಲ್ಲಿ. ಅದನ್ನು ಅವರು ನಗುತ್ತಲೇ ಹೇಳಿದರು, ನನಗೆ ಮಾತ್ರ ನಗು ಬರಲಿಲ್ಲ.

ಹಳೇಕಥೆ:

ಸಂಬಳಪಟ್ಟಿ ಅವರ ಉತ್ತರ ಸರಿ ಇದೆ, ಆದರೆ ಭಾನುವಾರ ಹೇಗೆ ಬಂತು ಅನ್ನೋದೂ ಗೊತ್ತಿರಲಿ. 1906ರ ಜೂನ್‌ನಲ್ಲಿ ಸೊನೋರಾ ರಾಜ್ಯದ ಕನನೇಯಾ ತಾಮ್ರದ ಗಣಿಯವರು ಮುಷ್ಕರ ಹೂಡಿದರು, ಕೇಳಿದ್ದು ದಿನಕ್ಕೆ 5 ಪೆಸೊ ಕೂಲಿ ಮತ್ತು ಎಂಟು ಗಂಟೆಯ ಕೆಲಸ. 1907ರ ಜನವರಿಯಲ್ಲಿ ವೆರಾಕ್ರೂಸ್ ರಾಜ್ಯದ ರಿಯೊ ಬ್ಲಾಂಕೊ ಬಟ್ಟೆ ಗಿರಣಿಯವರ ಮೇಲೆ ಸೈನ್ಯ ಗುಂಡು ಹಾರಿಸಿತು. ಕ್ರಾಂತಿ ಆಗಿ, 1917ರ ಸಂವಿಧಾನದ 123ನೇ ವಿಧಿಯಲ್ಲಿ ಎಂಟು ಗಂಟೆಯ ದಿನ, ಆರು ದಿನಕ್ಕೊಂದು ದಿನ ಬಿಡುವು ಅಂತ ಬರೆದರು. ಸಂವಿಧಾನದಲ್ಲೇ! ನಿಮ್ಮ ಟೀಮಿನವರು ಭಾನುವಾರ ಫೋನ್ ಎತ್ತದೆ ಇದ್ದರೆ ಅದರ ಹಿಂದೆ ಇಷ್ಟು ಕಥೆ ಇದೆ.

ಇದಕ್ಕೂ ಮುಂಚಿನದ್ದೊಂದು ಇದೆ, ನನಗೆ ಬಹಳ ಪ್ರೀತಿಯದ್ದು. ಸಾನ್ ಲುನೆಸ್. "ಸಂತ ಸೋಮವಾರ" ಅಂತ ಅರ್ಥ. ಅಂಥ ಸಂತ ಯಾರೂ ಇಲ್ಲ. ಭಾನುವಾರ ಪುಲ್ಕೆ, ಅಂದರೆ ಕತ್ತಾಳೆ ರಸದ ಹೆಂಡ, ಜಾಸ್ತಿಯಾಗಿ ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುವವರು ಮಾಡಿಕೊಂಡ ದೇವರು. ಹೀಗೆ ಸೋಮವಾರ ಜನ ಬರಲ್ಲ ಅಂತ 19ನೇ ಶತಮಾನದ ಕಾರ್ಖಾನೆ ಮಾಲೀಕರು ಗೋಳಾಡುತ್ತಿದ್ದರು. ಇವತ್ತಿಗೂ ಗಾರೆ ಕೆಲಸದವನು ಸೋಮವಾರ ಬರದಿದ್ದರೆ ಮೇಸ್ತ್ರಿ ಭುಜ ಕುಣಿಸಿ ಅದೇ ಸಂತನ ಹೆಸರು ಹೇಳುತ್ತಾನೆ.

ಗಾರೆಯವರ ಮಾತು ಬಂತು. ಮೇ 3 ಅವರ ದಿನ, ಸಾಂತಾ ಕ್ರೂಸ್, ಅಂದರೆ ಪವಿತ್ರ ಶಿಲುಬೆಯ ಹಬ್ಬ. ಕಟ್ಟುತ್ತಿರುವ ಪ್ರತಿ ಕಟ್ಟಡದ ತುದಿಯಲ್ಲೂ ಹೂವು, ಬಣ್ಣದ ಕಾಗದ ಸುತ್ತಿದ ಮರದ ಶಿಲುಬೆ ನಿಲ್ಲಿಸುತ್ತಾರೆ, ಕೆಲಸ ನಿಲ್ಲುತ್ತದೆ, ಊಟ ಹಾಕಿಸುವುದು ಮಾಲೀಕನ ಜವಾಬ್ದಾರಿ. ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ಊಟ ಹಾಕಿಸದ ಮಾಲೀಕನ ಗೋಡೆ ನೆಟ್ಟಗೆ ನಿಲ್ಲುತ್ತಾ ಅಂತ ನಾನಂತೂ ಪರೀಕ್ಷೆ ಮಾಡಲ್ಲ.

ಸುಮ್ನೆಒಬ್ಬ:

ಎಲ್ಲ ಚೆನ್ನಾಗಿದೆ, ಆದರೆ ಒಂದು ತಕರಾರು. ಭಾನುವಾರ ನೀವೆಲ್ಲ ಬಾರ್ಬಕೋವಾ ತಿನ್ನುತ್ತಾ ಸೊಬ್ರೆಮೆಸಾ ಮಾಡುತ್ತಿದ್ದೀರಲ್ಲ, ಆ ಬಾರ್ಬಕೋವಾ ಮಾಡಿದವನು ಯಾವಾಗ ಮಲಗಿದ? ಕುರಿ ಮಾಂಸವನ್ನು ಕತ್ತಾಳೆ ಎಲೆಯಲ್ಲಿ ಮುಚ್ಚಿ ನೆಲದ ಗುಂಡಿಯಲ್ಲಿ ರಾತ್ರಿಯಿಡೀ ಬೇಯಿಸಬೇಕು. ಬೆಳಗಿನ ಜಾವ ತೆಗೆದು, ಏಳಕ್ಕೆ ಅಂಗಡಿ ಹಚ್ಚಬೇಕು. ಅವನ ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ ಎರಡೂ ಹೋಯಿತು.

ಈ ದೇಶದಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಪಟ್ಟಿಯಲ್ಲೂ ಇಲ್ಲದವರು. ಅವರಿಗೆ ಪ್ವೆಂತೆ ಇಲ್ಲ, ಪ್ರಿಮಾ ಇಲ್ಲ, 12 ದಿನವೂ ಇಲ್ಲ. ಬೀದಿ ಬದಿ ತಾಕೊ ಮಾರುವವಳಿಗೆ ಪ್ವೆಂತೆ ಬಂದರೆ ವ್ಯಾಪಾರ ಜೋರು, ಅಷ್ಟೇ. ಮನೆಗೆಲಸದವರಿಗೆ ವಾರಕ್ಕೆ ಒಂದೂವರೆ ದಿನ ಬಿಡುವು ಕೊಡಬೇಕು ಅಂತ ಕಾಗದದಲ್ಲಿದೆ. ಆ ಭಾನುವಾರ ಅವರಲ್ಲಿ ಎಷ್ಟೋ ಜನ ಮೆಕ್ಸಿಕೋ ಸಿಟಿಯ ಅಲಮೇದಾ ಪಾರ್ಕಿನಲ್ಲಿ ತಮ್ಮ ಊರಿನವರನ್ನು ಹುಡುಕಿಕೊಂಡು ಬರುತ್ತಾರೆ. ಹೋಗಿ ನೋಡಿ, ಆ ಪಾರ್ಕಿನ ನಗು ಬೇರೆಯೇ ಥರ.

ಅಷ್ಟೇಕೆ, ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರಲು ಕುರ್ಚಿ ಕೊಡಿ ಅಂತ ಹೇಳಲು ಒಂದು ಕಾನೂನೇ ಬೇಕಾಯಿತು. ಲೇಯ್ ಸಿಯ್ಯಾ, "ಕುರ್ಚಿ ಕಾನೂನು" ಅಂತ. ಒರಗುವ ಬೆನ್ನಿರುವ ಕುರ್ಚಿಯೇ ಆಗಬೇಕು ಅಂತ ಬರೆದಿದ್ದಾರೆ. 2025ರ ಜೂನ್‌ನಿಂದ ಜಾರಿ. ನಿಧಾನದ ಬದುಕಿನ ದೇಶವಂತೆ.

ಜೋಲಿಜಾಣೆ:

@ಸುಮ್ನೆಒಬ್ಬ ತಕರಾರು ಒಪ್ಪಿದೆ. ಆದರೆ ಬಾರ್ಬಕೋವಾದವನು ಸೋಮವಾರ ಬಾಗಿಲು ತೆರೆಯಲ್ಲ ಅನ್ನೋದನ್ನೂ ಬರೀರಿ. ನಮ್ಮ ಬೀದಿಯಲ್ಲಿ ಕೊಚೀನೀತಾ, ಅಂದರೆ ಬೇಯಿಸಿದ ಹಂದಿ ಮಾಂಸ, ಮಾರುವವನೂ ಅಷ್ಟೇ, ಭಾನುವಾರ ಮಾರಿ ಮುಗಿಸಿ ಮಧ್ಯಾಹ್ನ ಹನ್ನೆರಡಕ್ಕೆ ಜೋಲಿಯಲ್ಲಿರುತ್ತಾನೆ. "ಇನ್ನೂ ಇದೆಯಾ ಅಣ್ಣಾ" ಅಂತ ಕೇಳಿದರೆ ಕಣ್ಣು ತೆಗೆಯದೆ ಬೆರಳು ಅಲ್ಲಾಡಿಸುತ್ತಾನೆ.

ಸುಮ್ನೆಒಬ್ಬ:

ಸರಿ, ಅವನೇ ಗೆದ್ದ ಬಿಡಿ. ಇನ್ನೊಂದು ಗೊತ್ತಾ, ಮೆಕ್ಸಿಕೋ ಸಿಟಿಯಲ್ಲಿ ಚಪುಲ್ತೆಪೆಕ್ ಕಾಡಿಗೂ ವಾರದ ರಜೆ ಇದೆ. ಅದರ ಹಳೇ ಭಾಗ ಸೋಮವಾರ ಮುಚ್ಚಿರುತ್ತದೆ. ಭಾನುವಾರದ ಜನಜಂಗುಳಿ ಕಂಡವರಿಗೆ ಮರಗಳ ಮೇಲೆ ಕನಿಕರ ಬರುತ್ತದೆ, ಆ ರಜೆ ಬೇಕೇ ಬೇಕು.

ಸಂಬಳಪಟ್ಟಿ:

ಒಂದು ಬಿಟ್ಟುಹೋಗಿತ್ತು. ಸಂಬಳ ಇಲ್ಲಿ ಹದಿನೈದು ದಿನಕ್ಕೊಮ್ಮೆ, ಕಿನ್ಸೆನಾ ಎನ್ನುತ್ತಾರೆ. 15ನೇ ತಾರೀಖು ಶುಕ್ರವಾರ ಬಂದರೆ ಆ ಸಂಜೆ ಯಾರನ್ನೂ ಐದರ ಮೇಲೆ ಹಿಡಿದಿಡಬೇಡಿ, ಟ್ರಾಫಿಕ್ಕೇ ನಿಮ್ಮನ್ನು ಶಪಿಸುತ್ತದೆ. ಗ್ವಾದಲಹಾರದವರಾದರೆ ಅಕ್ಟೋಬರ್ 12 ಕೂಡ ಬರೆದಿಟ್ಟುಕೊಳ್ಳಿ. ಪಕ್ಕದ ಊರು ಸಪೋಪಾನ್‌ನ ಮೇರಿ ಮಾತೆಯ ಮೂರ್ತಿಯನ್ನು ಕ್ಯಾಥೆಡ್ರಲ್‌ನಿಂದ ಸಪೋಪಾನ್‌ಗೆ ವಾಪಸ್ ಕರೆದೊಯ್ಯುವ ಮೆರವಣಿಗೆ. ದೇಶದ ಪಟ್ಟಿಯಲ್ಲಿ ಇಲ್ಲ, ಆದರೆ ನಿಮ್ಮ ಊರು ಅರ್ಧ ರಾತ್ರಿಯಿಂದಲೇ ರಸ್ತೆಯಲ್ಲಿರುತ್ತದೆ. 2018ರಲ್ಲಿ ಯುನೆಸ್ಕೋ ಕೂಡ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮತ್ತೆ ಅಹೊರೀತಾ ಬಗ್ಗೆ ಯಾರೂ ಹೇಳಲಿಲ್ಲ. ಅದರ ಅರ್ಥ "ಈಗಲೇ" ಆಗಬಹುದು, "ಆಮೇಲೆ" ಆಗಬಹುದು, "ಇಲ್ಲ ಅನ್ನಲು ಮನಸ್ಸಿಲ್ಲ" ಅಂತಲೂ ಆಗಬಹುದು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ಇಲ್ಲಿ ಒರಟುತನ. ಅದಕ್ಕೇ "ಯಾವಾಗ ಬರ್ತೀರಿ" ಅಂತ ಕೇಳಬೇಡಿ. "ಎಷ್ಟು ಗಂಟೆಗೆ" ಅಂತ ಕೇಳಿ. ಗಂಟೆ ಬಾಯಲ್ಲಿ ಬಂದರೆ ಬರುತ್ತಾರೆ, ಹೆಚ್ಚುಕಮ್ಮಿ.

ಅವಸರದ_ಆಳು:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ಸಾಫ್ಟ್‌ವೇರ್ ರಿಲೀಸ್ ದಿನ ನೋಡಿದೆ. ಸೆಮಾನಾ ಸಾಂತಾದ ಗುರುವಾರಕ್ಕೇ ಸರಿಯಾಗಿ ಇಟ್ಟಿದ್ದೆ! ಟೀಮಿನಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ನೀವೇ ನೋಡ್ತೀರಿ ಅಂದುಕೊಂಡೆವು" ಅಂದರು. ಈಸ್ಟರ್ ಆದ ಮೇಲಿನ ವಾರಕ್ಕೆ ತಳ್ಳಿದೆ. ಆ ಮೀಟಿಂಗ್‌ನಲ್ಲಿ ಮೊದಲ ಸಲ ಎಲ್ಲರೂ ಕ್ಯಾಮೆರಾ ಆನ್ ಮಾಡಿದರು.

ಭಾನುವಾರ ಮೆಸೇಜ್ ಹಾಕುವುದು ಬಿಟ್ಟೆ. ಅದರ ಬದಲು ಟೀಮಿನ ಹುಡುಗಿಯೊಬ್ಬಳು ಕರೆದಳು ಅಂತ ವಿಯಾ ರೆಕ್ರೆಆಕ್ತೀವಾಗೆ ಹೋದೆ. 2004ರಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಎರಡರ ತನಕ ಇಲ್ಲಿನ ದೊಡ್ಡ ರಸ್ತೆಗಳಲ್ಲಿ ಕಾರು ನಿಲ್ಲಿಸುತ್ತಾರಂತೆ, ನಾನು ಎರಡು ತಿಂಗಳು ಅದೇ ರಸ್ತೆ ಪಕ್ಕದ ಮನೆಯಲ್ಲಿ ಕಿಟಕಿ ಹಾಕಿಕೊಂಡು ಕೂತಿದ್ದೆ. ಆಮೇಲೆ ಅವರ ಮನೆಯಲ್ಲಿ ಊಟ. ಎಲ್ಲರಿಗೂ ಬಿರಿಯಾ ಅನ್ನುವ ಮಾಂಸದ ಸಾರು, ನಾನು ಮಾಂಸ ತಿನ್ನಲ್ಲ ಅಂದಾಗ ಅಜ್ಜಿ ಮುಖದಲ್ಲಿ ನಿಜವಾದ ದುಃಖ ಕಂಡಿತು, ಬೀನ್ಸ್, ಆವಕಾಡೊ, ತೊರ್ತಿಯಾ ಎಲ್ಲ ಮೂರು ಸಲ ಬಡಿಸಿದರು. ಎರಡೂವರೆಗೆ ಕೂತವರು ಏಳಕ್ಕೆ ಎದ್ದೆವು. ಐದಕ್ಕೇ ಹೊರಡುತ್ತೇನೆ ಅಂದಿದ್ದೆ. ಹೊರಡುತ್ತೇನೆ ಅಂದಾಗಲೆಲ್ಲ ಇನ್ನೊಂದು ಕಾಫಿ ಬಂತು.

ಬಾಯ್ಲರ್ ಮತ್ತೆ ಕೆಟ್ಟಿದೆ. ಅದೇ ಮನುಷ್ಯನಿಗೆ ಫೋನ್ ಮಾಡಿ, ಸಂಬಳಪಟ್ಟಿ ಅವರು ಹೇಳಿದ ಹಾಗೆ "ಎಷ್ಟು ಗಂಟೆಗೆ" ಅಂತಲೇ ಕೇಳಿದೆ. ಸ್ವಲ್ಪ ಯೋಚಿಸಿ, ಕೊಮೀದಾ ಮುಗಿಸಿಕೊಂಡು ನಾಲ್ಕೂವರೆಗೆ ಅಂದ. ಈಗ ಐದು ಹತ್ತು.

ಸಂಬಳಪಟ್ಟಿ:

ಇನ್ನೂ ಹೊತ್ತಿದೆ. ಕಾಫಿ ಇಡಿ, ಇಬ್ಬರಿಗೆ.

ಅವಸರದ_ಆಳು:

ಬಂದ. ಐದೂಕಾಲಿಗೆ.